ಇಪ್ಪತ್ತನೇ ಓವರ್

ನವರಂಗ್‌ನಿಂದ ಸ್ವಲ್ಪ ಒಳಗೆ, ರಾಜಾಜಿನಗರದ ಅಡ್ಡರಸ್ತೆಯೊಂದರ ದರ್ಶಿನಿಯಲ್ಲಿ ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತೇನೆ. ಅಲ್ಲಿ ಒಂದು ಮಾತು ಎಷ್ಟೋ ವರ್ಷದಿಂದ ಕೇಳಿಬರುತ್ತಿದೆ: ‘ಆ ಲಾಸ್ಟ್ ಓವರ್ ವಾಟ್ಸನ್‌ಗೆ ಕೊಡಬಾರದಾಗಿತ್ತು.’ ಯಾವ ಓವರ್, ಯಾವ ವರ್ಷ ಅಂತ ಯಾರೂ ಕೇಳುವುದಿಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದವರು ತಲೆಯಾಡಿಸುತ್ತಾರೆ, ಒಬ್ಬರು ‘ಕೊಹ್ಲಿ ಅವತ್ತು ದುಡುಕಿಬಿಟ್ಟ’ ಅನ್ನುತ್ತಾರೆ, ಇನ್ನೊಬ್ಬರು ಆ ಸಿಕ್ಸರ್ ಸ್ಟೇಡಿಯಂ ಸೂರು ದಾಟಿದ್ದನ್ನು ಕೈಯೆತ್ತಿ ತೋರಿಸುತ್ತಾರೆ. ಸ್ವಂತ ಮೈಮೇಲಿನ ಗಾಯದ ಹಾಗೆ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ.

ಕರ್ನಾಟಕದ ಫೈನಲ್ ಪಂದ್ಯಗಳ ಬಗ್ಗೆ ಜನ ಆಡುವ ಮಾತನ್ನು ದಾಖಲೆಯ ಪಕ್ಕ ಇಟ್ಟು ನೋಡುವ ಕೆಲಸಕ್ಕೆ ನಾನು ಕೈಹಾಕಿದ್ದು ಈ ಒಂದು ವಾಕ್ಯದಿಂದ. ಇಷ್ಟು ಜನ, ಇಷ್ಟು ವರ್ಷ, ಇಷ್ಟು ನಂಬಿಕೆಯಿಂದ ಹೇಳುವ ಮಾತು ನಿಜವೇ ಇರಬೇಕು ಅಂದುಕೊಂಡೇ ಹೊರಟೆ.

2016ರ ಮೇ 29, ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್ ಫೈನಲ್. ರಾಯಲ್ ಚಾಲೆಂಜರ್ಸ್‌ಗೆ ಎದುರಾಳಿ ಸನ್‌ರೈಸರ್ಸ್ ಹೈದರಾಬಾದ್. ನಮ್ಮ ಕಡೆಯವರಿಗೆ ಆ ಫೈನಲ್ ಇನ್ನೊಂದು ಕಾರಣಕ್ಕೂ ನೆನಪಿದೆ. ಮೆಟ್ರೊ ನೇರಳೆ ಮಾರ್ಗದ ಸುರಂಗ ಭಾಗ ಶುರುವಾಗಿ ಆಗಷ್ಟೇ ಒಂದು ತಿಂಗಳಾಗಿತ್ತು. ಅಲ್ಲಿಯವರೆಗೆ ವಿಜಯನಗರ, ಅತ್ತಿಗುಪ್ಪೆಯ ಹುಡುಗರು ಮ್ಯಾಚಿಗೆ ಹೋಗಬೇಕಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ ಬದಲಿಸಬೇಕಿತ್ತು. ಆ ಸಲ ಒಂದೇ ರೈಲಿನಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋಗಿ ಇಳಿದರು. ಸಂಜೆ ನಾನು ಹತ್ತಿದ ಬೋಗಿ ತುಂಬ ಕೆಂಪು ಅಂಗಿಗಳೇ. ಅವರ ಕೂಗು ಸುರಂಗದೊಳಗೆ ಕಿವಿ ಗುಂಯ್‌ಗುಡುವಂತೆ ಮೊಳಗುತ್ತಿತ್ತು.

ದಾಖಲೆ ಹುಡುಕಲು ಮೊದಲು ಹೋದದ್ದು ಹಂಪಿನಗರದ ಗ್ರಂಥಾಲಯಕ್ಕೆ, ಆಮೇಲೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ. ಪತ್ರಿಕೆಗಳ ಪುಟ ಮಗುಚುತ್ತಾ ಹೋದ ಹಾಗೆ ಒಂದು ಸಂಗತಿ ಮನಸ್ಸನ್ನು ಚುಚ್ಚತೊಡಗಿತು. ಪಂದ್ಯದ ವರದಿ ಇದೆ, ಸ್ಕೋರ್ ಇದೆ, ನಾಯಕರ ಮಾತಿದೆ, ಚಿತ್ರವಿದೆ. ಗ್ಯಾಲರಿಯಲ್ಲಿ ಕೂತವನು ಏನಂದ ಎನ್ನುವುದು ನಾನು ನೋಡಿದ ಪುಟಗಳಲ್ಲಿ ಎಲ್ಲೂ ಇಲ್ಲ. ಲಕ್ಷಾಂತರ ಜನ ಒಂದೇ ರಾತ್ರಿ ಒಂದೇ ತೀರ್ಪು ಕೊಟ್ಟಿದ್ದಾರೆ, ಆ ತೀರ್ಪಿಗೆ ಕಡತವಿಲ್ಲ. ಕೈಯಲ್ಲಿ ಉಳಿದದ್ದು ಸ್ಕೋರ್‌ಕಾರ್ಡ್ ಒಂದೇ. ಹಾಗಾಗಿ ಅದನ್ನೇ ಬೌಲರ್ ಬೌಲರಾಗಿ ಓದಲು ಕೂತೆ.

ಹೈದರಾಬಾದ್ ಗಳಿಸಿದ್ದು 7 ವಿಕೆಟ್‌ಗೆ 208. ವಾಟ್ಸನ್ 4 ಓವರ್‌ನಲ್ಲಿ 61 ರನ್ ಕೊಟ್ಟರು, ವಿಕೆಟ್ ಇಲ್ಲ. ಅದರಲ್ಲಿ ಇಪ್ಪತ್ತನೇ ಓವರ್ ಒಂದರಲ್ಲೇ ಹೋದದ್ದು 24. ಬಾರಿಸಿದವರು ಬೆನ್ ಕಟಿಂಗ್, 15 ಎಸೆತಕ್ಕೆ ಅಜೇಯ 39. ಬೆಂಗಳೂರು ಸೋತದ್ದು 8 ರನ್‌ನಿಂದ. ದರ್ಶಿನಿಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ: 24ರ ಬದಲು 15 ಕೊಟ್ಟಿದ್ದರೆ ಕಪ್ ನಮ್ಮದು. ಕೂಡಿಸಿ ಕಳೆದು ನೋಡಿದೆ, ಅದು ತಪ್ಪಲ್ಲ.

ಆದರೆ ಉಳಿದ ಸಾಲುಗಳನ್ನೂ ಓದಬೇಕು. ಕ್ರಿಸ್ ಜೋರ್ಡಾನ್ 4 ಓವರ್, 45 ರನ್, 3 ವಿಕೆಟ್. ನಮ್ಮ ಶ್ರೀನಾಥ್ ಅರವಿಂದ್ 4 ಓವರ್, 30 ರನ್, 2 ವಿಕೆಟ್. ಚಾಹಲ್ 4 ಓವರ್, 35 ರನ್, 1 ವಿಕೆಟ್. ಗೇಲ್ 3 ಓವರ್, 24 ರನ್. ಇಕ್ಬಾಲ್ ಅಬ್ದುಲ್ಲಾ 1 ಓವರ್, 10 ರನ್. ಈ ಐದು ಸಾಲುಗಳ ಮುಂದೆ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಒಬ್ಬ ಬೌಲರ್‌ಗೆ 4 ಓವರ್‌ಗಿಂತ ಹೆಚ್ಚು ಇಲ್ಲ. ಇಪ್ಪತ್ತನೆಯದು ವಾಟ್ಸನ್‌ದು ಅಂದ ಮೇಲೆ, ಆ ಹೊತ್ತಿಗೆ ಜೋರ್ಡಾನ್, ಅರವಿಂದ್, ಚಾಹಲ್ ಮೂವರದೂ ಮುಗಿದುಹೋಗಿತ್ತು. ‘ಅರವಿಂದ್‌ಗೆ ಕೊಡಬೇಕಿತ್ತು’ ಎಂದು ಇವತ್ತಿಗೂ ಎದೆ ತಟ್ಟಿ ಹೇಳುವವರಿದ್ದಾರೆ. ಕೊಡಲು ಅರವಿಂದ್ ಬಳಿ ಓವರ್ ಉಳಿದೇ ಇರಲಿಲ್ಲ. ಆ ಆರು ಎಸೆತಕ್ಕೆ ಚೆಂಡು ಹಿಡಿದು ನಾಯಕ ಕೊಹ್ಲಿ ಸುತ್ತ ನೋಡಿದಾಗ ಅದಾಗಲೇ ಎಸೆದಿದ್ದವರ ಪೈಕಿ ಉಳಿದಿದ್ದವರು ಮೂರೇ ಮಂದಿ: ವಾಟ್ಸನ್, ಮತ್ತು ಸ್ಪಿನ್ ಹಾಕುವ ಗೇಲ್, ಅಬ್ದುಲ್ಲಾ. ಡೆತ್ ಓವರ್‌ನಲ್ಲಿ ಹೊಡೆತಕ್ಕೆ ನಿಂತ ಬ್ಯಾಟರ್ ಎದುರು, ಚಿನ್ನಸ್ವಾಮಿಯಂಥ ಚಿಕ್ಕ ಮೈದಾನದಲ್ಲಿ, ಸ್ಪಿನ್ ಹಾಕಿಸುವ ಎದೆಗಾರಿಕೆ ಯಾವ ನಾಯಕನಿಗಿದ್ದೀತು? ವಾಟ್ಸನ್ ಆ ಸೀಸನ್‌ನಲ್ಲಿ 20 ವಿಕೆಟ್ ಪಡೆದಿದ್ದ ಬೌಲರ್. ತಂಡದಲ್ಲಿ ಅವರಿಗಿಂತ ಮುಂದೆ ಇದ್ದದ್ದು 21 ವಿಕೆಟ್‌ನ ಚಾಹಲ್ ಮಾತ್ರ.

ಅಂದರೆ ಜನ ಬೈಯುವ ತೀರ್ಮಾನ ಇಪ್ಪತ್ತನೇ ಓವರ್‌ನಲ್ಲಿ ಆದದ್ದಲ್ಲ. ಅದಕ್ಕೂ ಮುಂಚೆ, ಯಾರ ಓವರನ್ನು ಯಾವಾಗ ಮುಗಿಸುವುದು ಅನ್ನುವಲ್ಲಿ ಆಗಿತ್ತು. ಆ ಹೊತ್ತಿನಲ್ಲಿ ನಾವು ಚಪ್ಪಾಳೆ ಹೊಡೆಯುತ್ತಿದ್ದೆವು.

ಇಂಥ ಜಗಳ ನಮ್ಮೊಬ್ಬರದೇ ಅಲ್ಲ. ಅಮೆರಿಕದವರ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನನ್ನು ಬದಲಿಸುವ ಅಧಿಕಾರ ಮ್ಯಾನೇಜರನದು. ಅವನು ನಡೆದುಕೊಂಡು ಮೈದಾನದ ಮಧ್ಯಕ್ಕೆ ಬಂದು ಚೆಂಡನ್ನು ಕೈಯಿಂದ ತೆಗೆದುಕೊಂಡರೆ ಎಸೆಗಾರನ ಪಂದ್ಯ ಅಲ್ಲಿಗೆ ಮುಗಿಯಿತು. 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಟ್ಯಾಂಪಾ ಬೇ ತಂಡದ ಬ್ಲೇಕ್ ಸ್ನೆಲ್ ಅದ್ಭುತವಾಗಿ ಎಸೆಯುತ್ತಿದ್ದರು. 9 ಸ್ಟ್ರೈಕ್ಔಟ್ ಮಾಡಿದ್ದರು, ಕೊಟ್ಟದ್ದು ಎರಡೇ ಹಿಟ್. 73ನೇ ಎಸೆತವಾದ ಮೇಲೆ ಮ್ಯಾನೇಜರ್ ಕೆವಿನ್ ಕ್ಯಾಶ್ ಅವರನ್ನು ತೆಗೆದರು. ಲಾಸ್ ಏಂಜಲೀಸ್ ಡಾಡ್ಜರ್ಸ್ ತಿರುಗಿಬಿದ್ದು 3-1ರಿಂದ ಗೆದ್ದು ಸರಣಿಯನ್ನೂ ಗೆದ್ದರು. ಎದುರಾಳಿಯ ಅದೇ ಬ್ಯಾಟರ್‌ಗಳನ್ನು ಮೂರನೇ ಸಲ ಎದುರಿಸುವಾಗ ಎಸೆಗಾರನ ಕಸುವು ತಗ್ಗುತ್ತದೆ ಅನ್ನುವುದು ಕ್ಯಾಶ್ ನಂಬಿದ್ದ ಲೆಕ್ಕ. ಟ್ಯಾಂಪಾದ ಅಭಿಮಾನಿಗೆ ಆ ಲೆಕ್ಕ ಬೇಕಿಲ್ಲ. ಅವನೂ ‘ತೆಗೀಬಾರದಾಗಿತ್ತು’ ಅನ್ನುವ ಒಂದೇ ಮಾತು ಹಿಡಿದು ಕೂತಿದ್ದಾನೆ. ನವರಂಗ್ ಪಕ್ಕದಲ್ಲಿ ನಿಂತಿದ್ದರೆ ಅವನಿಗೂ ಒಂದು ಕಾಫಿ ಕೊಡಿಸುತ್ತಿದ್ದೆವು.

ನಾನು ಕಂಡುಕೊಂಡದ್ದನ್ನು ಮೊದಲು ಹೇಳಬೇಕೆನಿಸಿದ್ದು ಬಸವೇಶ್ವರನಗರದ ಒಬ್ಬ ಹಿರಿಯರಿಗೆ. ಕಾರ್ಖಾನೆಯಿಂದ ನಿವೃತ್ತರು. ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಅಡ್ಡ ಉದ್ದ ಗೆರೆ ಎಳೆದುಕೊಂಡು, ಟಿವಿ ಮುಂದೆ ಕೂತು, ಪ್ರತಿ ಎಸೆತವನ್ನೂ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಡಾಟ್ ಬಾಲ್‌ಗೆ ಚುಕ್ಕೆ, ವಿಕೆಟ್‌ಗೆ ಅಡ್ಡಗೆರೆ. 2016ರ ಆ ಪುಟ ತೆಗೆದು ತೋರಿಸಿದರು. ಇಪ್ಪತ್ತನೇ ಓವರ್‌ನ ಮನೆಯಲ್ಲಿ ಒಂದು 6 ಎಷ್ಟು ಒತ್ತಿ ಬರೆದಿದ್ದಾರೆಂದರೆ ಪೆನ್ಸಿಲ್ ಮೊನೆ ಅಲ್ಲೇ ಮುರಿದಿದೆ. ಸೀಸದ ಪುಡಿ ಇನ್ನೂ ಕಾಗದಕ್ಕೆ ಅಂಟಿಕೊಂಡಿದೆ. ಹಾಳೆ ತಿರುವಿ ಹಿಂಬದಿಯಲ್ಲಿ ಬೆರಳಾಡಿಸಿದರೆ ಆ 6 ಉಬ್ಬಿಕೊಂಡಿರುವುದು ಸಿಗುತ್ತದೆ. ಗ್ರಂಥಾಲಯದ ಯಾವ ಪುಟದಲ್ಲೂ ಸಿಗದ ಅಭಿಮಾನಿಯ ತೀರ್ಪು ನನ್ನ ಬೆರಳಿಗೆ ಸಿಕ್ಕಿದ್ದು ಅಲ್ಲಿ.

ಅವರು ನನ್ನ ಲೆಕ್ಕವನ್ನು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ಸರಿಮಾಡಿಕೊಂಡು ಬೌಲಿಂಗ್ ಕಾಲಂ ಮೇಲೆ ಪೆನ್ಸಿಲ್ ಆಡಿಸಿದರು. ಆಮೇಲೆ ಒಂದೇ ಪ್ರಶ್ನೆ: ‘ಬಿನ್ನಿ ಎಲ್ಲಿ?’

ನಾನು ಇಡೀ ಹುಡುಕಾಟದಲ್ಲಿ ಕೇಳಿಕೊಳ್ಳದೇ ಬಿಟ್ಟ ಪ್ರಶ್ನೆ ಅದು. ಸ್ಟುವರ್ಟ್ ಬಿನ್ನಿ ಆ ದಿನ ಹನ್ನೊಂದರಲ್ಲಿದ್ದರು, ಬ್ಯಾಟ್ ಹಿಡಿದು 9 ರನ್ ಗಳಿಸಿ ರನ್‌ಔಟ್ ಆದರು. ಮಧ್ಯಮ ವೇಗದ ಬೌಲರ್. 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್‌ಗೆ 6 ವಿಕೆಟ್ ಕಿತ್ತವರು. ಮೇಲಿನ ಆರು ಬೌಲರ್‌ಗಳ ಓವರ್ ಕೂಡಿಸಿದರೆ ಸರಿಯಾಗಿ ಇಪ್ಪತ್ತಾಗುತ್ತದೆ. ಬಿನ್ನಿಗೆ ಒಂದೂ ಇಲ್ಲ. ದಾಖಲೆ ನೋಡಿ ವಾಟ್ಸನ್‌ರನ್ನು ಬಿಡಿಸಿ ತಂದೆ ಎಂದುಕೊಂಡಿದ್ದೆ; ದಾಖಲೆಯಲ್ಲಿ ಇಲ್ಲದ ಹೆಸರನ್ನು ಓದುವುದು ಗೊತ್ತಿದ್ದದ್ದು ಆ ಹಿರಿಯರಿಗೆ. ಬಿನ್ನಿ ಎಸೆದಿದ್ದರೆ ಗೆಲ್ಲುತ್ತಿದ್ದೆವು ಎಂದು ನಾನು ಹೇಳಲಾರೆ. ಜಗಳವಾಡಬೇಕಾದದ್ದು ಇದರ ಬಗ್ಗೆ ಎಂದು ಮಾತ್ರ ಹೇಳುತ್ತೇನೆ.

ಪುಟ ಮಗುಚಿ ಬೆಂಗಳೂರಿನ ಇನಿಂಗ್ಸ್‌ಗೆ ಬಂದೆವು. ಗೇಲ್ 38 ಎಸೆತಕ್ಕೆ 76, ಕೊಹ್ಲಿ 35 ಎಸೆತಕ್ಕೆ 54. ಮೊದಲ ವಿಕೆಟ್ ಬಿದ್ದಾಗ 10.3 ಓವರ್‌ಗೆ 114. ಉಳಿದದ್ದು 57 ಎಸೆತಕ್ಕೆ 95, ಕೈಯಲ್ಲಿ 9 ವಿಕೆಟ್. ಡಿವಿಲಿಯರ್ಸ್ 5, ರಾಹುಲ್ 11, ವಾಟ್ಸನ್ 11. ಕೊನೆಯ ಓವರ್‌ಗೆ ಬೇಕಿದ್ದದ್ದು 18, ಭುವನೇಶ್ವರ್ ಕುಮಾರ್ ಕೊಟ್ಟದ್ದು 9. ಅವರ 4 ಓವರ್‌ಗೆ ಒಟ್ಟು 25 ರನ್, ವಿಕೆಟ್ ಸೊನ್ನೆ. ವಾಟ್ಸನ್‌ಗೂ ವಿಕೆಟ್ ಸೊನ್ನೆಯೇ. ಕಪ್ ಯಾರ ಕೈಗೆ ಹೋಯಿತೆಂದು ತಿಳಿಯಲು ಈ ಎರಡು ಇಪ್ಪತ್ತನೇ ಓವರ್‌ಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಆದರೂ ಭುವನೇಶ್ವರ್ ಹೆಸರು ನಮ್ಮ ದರ್ಶಿನಿಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಎದುರಾಳಿ ಚೆನ್ನಾಗಿ ಆಡಿದ ಎಂದು ಒಪ್ಪುವುದಕ್ಕಿಂತ ನಮ್ಮವನು ತಪ್ಪಿದ ಎನ್ನುವುದರಲ್ಲಿ ಒಂದು ಆಪ್ತತೆ ಇದೆ. ತಪ್ಪಿದವನಾದರೂ ಅವನು ನಮ್ಮವನು.

ಇದೇ ಲೆಡ್ಜರ್‌ನ ಹಳೆಯ ಸಂಪುಟದಲ್ಲಿ 2010ರ ಜನವರಿ ಇದೆ. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬೈ ನಡುವೆ ರಣಜಿ ಫೈನಲ್. ಗೆಲ್ಲಲು 338 ಬೇಕಿತ್ತು, ಸಂಕ್ರಾಂತಿಯ ದಿನ 331ಕ್ಕೆ ಮುಗಿಯಿತು. ಆರೇ ರನ್. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ‘ಮನೀಶ್ ಇನ್ನು ಹತ್ತು ನಿಮಿಷ ನಿಂತಿದ್ದರೆ’ ಅನ್ನುವುದು ಆ ಪಂದ್ಯದ ಬಗ್ಗೆ ಎಲ್ಲರ ಬಾಯಲ್ಲಿರುವ ಮಾತು. ಸ್ಕೋರ್ ಏನನ್ನುತ್ತದೆ? ಮುಂಬೈ 233 ಮತ್ತು 234. ಕರ್ನಾಟಕದ ಮೊದಲ ಇನಿಂಗ್ಸ್ 130. ಮುಂಬೈ ಎರಡನೇ ಇನಿಂಗ್ಸ್‌ನಲ್ಲಿ ಐವತ್ತರ ಆಸುಪಾಸಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಎತ್ತಿ ನಿಲ್ಲಿಸಿದ್ದು ಒಬ್ಬ ಬೌಲರ್. ಧವಳ್ ಕುಲಕರ್ಣಿ, 87. ಒಂದು ಮುಂಜಾನೆ ಅವರನ್ನು ಬೇಗ ಔಟ್ ಮಾಡಿದ್ದರೆ ಮನೀಶ್ ಇನ್ನೂ ಹತ್ತು ನಿಮಿಷ ನಿಲ್ಲಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಇದೇ ಕುಲಕರ್ಣಿ 2016ರ ಫೈನಲ್‌ಗೆ ಐದು ದಿನ ಮೊದಲು, ಚಿನ್ನಸ್ವಾಮಿಯಲ್ಲೇ, ಗುಜರಾತ್ ಲಯನ್ಸ್ ಪರ 14 ರನ್‌ಗೆ 4 ವಿಕೆಟ್ ಕಿತ್ತು ಬೆಂಗಳೂರನ್ನು 29 ರನ್‌ಗೆ 5 ವಿಕೆಟ್ ಎನ್ನುವ ಸ್ಥಿತಿಗೆ ಇಳಿಸಿದ್ದರು. ಡಿವಿಲಿಯರ್ಸ್ ಅಜೇಯ 79 ಹೊಡೆದು ಉಳಿಸಿದರು, ಜೊತೆಗೆ ನಿಂತದ್ದು ಅಬ್ದುಲ್ಲಾ, ಅಜೇಯ 33. ಎಲ್ಲರೂ ಹೆಗಲ ಮೇಲೆ ಹೊತ್ತ ಆ ಅಬ್ದುಲ್ಲಾಗೆ ಫೈನಲ್‌ನಲ್ಲಿ ಸಿಕ್ಕಿದ್ದು ಒಂದೇ ಓವರ್.

ಗೆಲುವಿನ ನೆನಪೂ ಹೀಗೆಯೇ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1. ಅದೇ ಋತುವಿನಲ್ಲಿ, ಹೊಸ ಹೆಸರಿನಲ್ಲಿ, ರಣಜಿ ಮೊದಲ ಸಲ ನಮಗೆ ಬಂತು. ಸತತ 15 ಸಲ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ತಡೆದದ್ದನ್ನು ಕಂಡ ಹಿರಿಯರನ್ನು ಕೇಳಿ ನೋಡಿ, ಮೊದಲು ಹೇಳುವುದು ಅಜಿತ್ ವಾಡೇಕರ್ ಕಾಲು ಜಾರಿ 62ಕ್ಕೆ ರನ್‌ಔಟ್ ಆದದ್ದನ್ನು. ವಿಶ್ವನಾಥ್‌ರ 162, ಬ್ರಿಜೇಶ್ ಪಟೇಲ್‌ರ 106, ಪ್ರಸನ್ನ ಅವರ ಸ್ಪಿನ್ ಆಮೇಲೆ ಬರುತ್ತವೆ. 385ಕ್ಕೆ ಎದುರಾಗಿ 307. ಇಷ್ಟು ದೊಡ್ಡ ಅಂತರ ಒಂದು ಕಾಲು ಜಾರಿದ್ದರಿಂದ ಬಂದದ್ದಲ್ಲ.

ಹಿರಿಯರ ಲೆಡ್ಜರ್‌ನ ಇತ್ತೀಚಿನ ಸಂಪುಟವನ್ನು ನಾನೇ ಕೇಳಿ ತೆಗೆಸಿದೆ. ಗೆದ್ದ ದಿನ ಈ ಕೈ ಹೇಗೆ ಬರೆಯುತ್ತದೆ ಎಂದು ನೋಡುವ ಆಸೆ. 2025ರ ಜೂನ್ 3, ಅಹಮದಾಬಾದ್, ಐಪಿಎಲ್ ಫೈನಲ್. ಬೆಂಗಳೂರು 9 ವಿಕೆಟ್‌ಗೆ 190, ಪಂಜಾಬ್ 7 ವಿಕೆಟ್‌ಗೆ 184. ಮತ್ತೆ ಆರೇ ರನ್, ಈ ಸಲ ನಮ್ಮ ಕಡೆಗೆ. ಕೃಣಾಲ್ ಪಾಂಡ್ಯ 4 ಓವರ್, 17 ರನ್, 2 ವಿಕೆಟ್. ಇಪ್ಪತ್ತನೇ ಓವರ್ ಹೇಝಲ್‌ವುಡ್‌ದು, ಅದನ್ನು ಕೊಟ್ಟ ನಾಯಕ ರಜತ್ ಪಾಟೀದಾರ್‌ರನ್ನು ಯಾರೂ ಪ್ರಶ್ನಿಸಲಿಲ್ಲ. ಹದಿನೆಂಟು ವರ್ಷದ ಕಾಯುವಿಕೆ ಮುಗಿದ ಆ ಮನೆಗಳಲ್ಲಿ ಅಂಕಿಗಳು ತುಸು ಓರೆಯಾಗಿವೆ, ಒಂದೆರಡು ಕಡೆ ಗೆರೆ ದಾಟಿವೆ. ಕಣ್ಣು ಮಂಜಾಗಿತ್ತು ಅಂದರು.

ಮುಂದಿನ ಪುಟ ತಿರುವಿದೆ. ಮೇಲೆ ಜೂನ್ 4 ಎಂದು ಬರೆದಿತ್ತು. ಮರುದಿನ ಸಂಭ್ರಮಕ್ಕೆಂದು ಹೋದವರಲ್ಲಿ ಹನ್ನೊಂದು ಮಂದಿ ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಪುಟದಲ್ಲಿ ಗೆರೆ ಎಳೆದಿರಲಿಲ್ಲ. ಹನ್ನೊಂದು ಚುಕ್ಕೆಗಳಿದ್ದವು, ಒಂದರ ಪಕ್ಕ ಒಂದು. ನಾನು ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೀರುವಿನಲ್ಲಿ ಇಟ್ಟು, ಬೀಗ ಹಾಕಿ, ಕಾಫಿ ತರುತ್ತೇನೆಂದು ಒಳಗೆ ಹೋದರು.