ನಾಯಕರ ಮಿದುಳು ತಪಾಸಣೆ

ಅಧಿಕಾರಸ್ಥರ ಕ್ರೌರ್ಯದ ಮೂಲವನ್ನು ಮಿದುಳಿನಲ್ಲೇ ಹುಡುಕುವ ಆಸೆ ಹಳೆಯದು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಯ ಮೇಸ್ತ್ರಿ ಫಿನಿಯಾಸ್ ಗೇಜ್ ಎಂಬಾತನ ತಲೆಯನ್ನು ಕಬ್ಬಿಣದ ಸಲಾಕೆ ತೂರಿಹೋಯಿತು. ಆತ ಬದುಕುಳಿದನಾದರೂ ಸ್ವಭಾವ ಬದಲಾಯಿತೆಂದು ವೈದ್ಯ ಜಾನ್ ಹಾರ್ಲೋ ದಾಖಲಿಸಿದರು. ಮಿದುಳಿನ ಮುಂಭಾಗಕ್ಕೂ ನಡತೆಗೂ ನಂಟಿದೆಯೆಂಬ ವಿಚಾರ ಇಲ್ಲಿಂದ ಬಲಗೊಂಡಿತು.

1945ರಲ್ಲಿ ನಾಯಕನೊಬ್ಬನ ಮಿದುಳೇ ಪ್ರಯೋಗಾಲಯ ಸೇರಿತು. ನಾಜಿ ಕಾರ್ಮಿಕ ಸಂಘಟನೆಯ ಮುಖ್ಯಸ್ಥ ರಾಬರ್ಟ್ ಲೈ, ನ್ಯೂರೆಂಬರ್ಗ್ ವಿಚಾರಣೆ ಆರಂಭವಾಗುವ ಮೊದಲೇ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮೊದಲ ಮಹಾಯುದ್ಧದಲ್ಲಿ ಅವನ ವಿಮಾನ ಉರುಳಿ ತಲೆಗೆ ಪೆಟ್ಟಾಗಿತ್ತು. ಮುಂಭಾಗ ಹಾಳಾಗಿರಬೇಕೆಂದು ಸೆರೆಮನೆಯ ಮನೋವೈದ್ಯ ಡಗ್ಲಸ್ ಕೆಲ್ಲಿ ಊಹಿಸಿ, ಮಿದುಳನ್ನು ಅಮೆರಿಕಕ್ಕೆ ಕಳಿಸಿದರು. ಮೊದಲ ವರದಿ ಊಹೆಯನ್ನು ಎತ್ತಿಹಿಡಿಯಿತು. ಮರುಪರೀಕ್ಷೆಯಲ್ಲಿ ಆ ಬದಲಾವಣೆಗಳು ಅಂದುಕೊಂಡಷ್ಟು ಇರಲಿಲ್ಲ. ಲೈನ ಜೊತೆಗಿದ್ದ ಇತರ ಕೈದಿಗಳನ್ನೂ ಪರೀಕ್ಷಿಸಿದ ಕೆಲ್ಲಿ, ಇವರು ಹುಚ್ಚರಲ್ಲ, ಇಂಥವರು ಯಾವ ದೇಶದಲ್ಲೂ ಸಿಗುತ್ತಾರೆ ಎಂಬ ತೀರ್ಮಾನಕ್ಕೆ ಬಂದರು. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಕಳವಳದ ಮಾತು ಇನ್ನೊಂದಿಲ್ಲ.

ಮಿದುಳನ್ನು ಬಿಟ್ಟು ಸ್ವಭಾವವನ್ನು ಅಳೆಯುವ ಯತ್ನವೂ ನಡೆದಿದೆ. ಕೆನಡಾದ ಮನೋವಿಜ್ಞಾನಿ ರಾಬರ್ಟ್ ಹೇರ್ 1991ರಲ್ಲಿ ಪ್ರಕಟಿಸಿದ ಪರಿಷ್ಕೃತ ಸೈಕೋಪತಿ (ಅನುಕಂಪ, ಪಶ್ಚಾತ್ತಾಪಗಳಿಲ್ಲದ ಸ್ವಭಾವ) ಪಟ್ಟಿಯಲ್ಲಿ 20 ಅಂಶಗಳಿವೆ, ಗರಿಷ್ಠ ಅಂಕ 40. ಸಂದರ್ಶನ ಮತ್ತು ಕಡತಗಳನ್ನು ಆಧರಿಸಿ ಕೈದಿಗಳಿಗೆಂದು ಬೆಳೆಸಿದ ಈ ಅಳತೆಯನ್ನು ಟಿವಿಯಲ್ಲಿ ಕಂಡ ರಾಜಕಾರಣಿಗೆ ಹಚ್ಚುವುದು ವಿಜ್ಞಾನವಲ್ಲ.

ದೂರದಿಂದ ರೋಗ ಹೇಳುವ ಚಾಳಿಯ ಬೆಲೆ 1964ರಲ್ಲೇ ಗೊತ್ತಾಗಿತ್ತು. ಅಮೆರಿಕದ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಅದಕ್ಕೆ ಅರ್ಹರೇ ಎಂದು 'ಫ್ಯಾಕ್ಟ್' ಪತ್ರಿಕೆ 12,356 ಮನೋವೈದ್ಯರನ್ನು ಕೇಳಿತು. ಉತ್ತರಿಸಿದ 2,417 ಮಂದಿಯಲ್ಲಿ 1,189 ಜನ ಅನರ್ಹರೆಂದರು, ಅವರನ್ನು ಪರೀಕ್ಷಿಸದೆಯೇ! ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಗೆದ್ದರು. ಪರೀಕ್ಷಿಸದೆ, ಒಪ್ಪಿಗೆಯಿಲ್ಲದೆ ಸಾರ್ವಜನಿಕ ವ್ಯಕ್ತಿಯ ಮನಸ್ಸಿನ ಬಗ್ಗೆ ವೃತ್ತಿಪರ ಅಭಿಪ್ರಾಯ ಕೊಡಬಾರದೆಂಬ ನಿಯಮವನ್ನು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ತಂದಿತು.

ಅದಕ್ಕೆ ಹಿಂದಿನ ವರ್ಷವಷ್ಟೇ ಸೆನೆಟರ್ ಥಾಮಸ್ ಈಗಲ್‌ಟನ್, ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದು ಬಯಲಾಗಿ ಉಪಾಧ್ಯಕ್ಷ ಸ್ಥಾನದ ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು. ಚಿಕಿತ್ಸೆ ಪಡೆದವರಿಗೆ ಇದೇ ಶಿಕ್ಷೆಯಾದರೆ ಉಳಿದವರು ರೋಗವನ್ನು ಮುಚ್ಚಿಡುತ್ತಾರೆ. ತಪಾಸಣೆಯನ್ನು ಸರ್ಕಾರಕ್ಕೆ ಒಪ್ಪಿಸಿದರೆ ಅಪಾಯ ಬೇರೆಯದು. ಸೋವಿಯತ್ ಒಕ್ಕೂಟದಲ್ಲಿ ಆ ಅಧಿಕಾರ ಸರ್ಕಾರದ ಕೈಯಲ್ಲೇ ಇತ್ತು. ಅಲ್ಲಿ ಭಿನ್ನಮತ ತೋರಿದ ಜನರಲ್ ಪ್ಯೋತರ್ ಗ್ರಿಗೊರೆಂಕೊ ಅವರನ್ನು ಮಾನಸಿಕ ರೋಗಿಯೆಂದು ಆಸ್ಪತ್ರೆಯಲ್ಲಿ ಕೂಡಿಹಾಕಿದರು.

ಭಾರತದಲ್ಲಿ ಬಲವಂತದ ತಪಾಸಣೆಯ ಚರ್ಚೆಗೆ ಕರ್ನಾಟಕದ ಹೆಸರು ಅಂಟಿಕೊಂಡಿದೆ. 2010ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳು ಮ್ಯಾಪಿಂಗ್ ನಡೆಸುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆರೋಪಿಗೇ ಈ ರಕ್ಷಣೆ ಇರುವಾಗ ಅಭ್ಯರ್ಥಿಯ ಮಿದುಳನ್ನು ಬಲವಂತವಾಗಿ ತಡಕುವುದನ್ನು ಸಮರ್ಥಿಸಲಾಗದು. ಅಸ್ವಸ್ಥಚಿತ್ತನೆಂದು ಸಂಸದನನ್ನು ಅನರ್ಹಗೊಳಿಸಲು ಸಂವಿಧಾನದ 102ನೇ ವಿಧಿಯಲ್ಲಿ ಅವಕಾಶವಿದೆ. ಆದರೆ ಹಾಗೆಂದು ಘೋಷಿಸಬೇಕಾದದ್ದು ಸಕ್ಷಮ ನ್ಯಾಯಾಲಯ.