ಅರಮನೆ ಮೈದಾನದ ಆ ರಾತ್ರಿ

ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ‘ಫ್ಲೈಟ್ 666’ ಎಂಬ ಧ್ವನಿಮುದ್ರಿಕೆ 2009ರಲ್ಲಿ ಹೊರಬಂದಿತು. 2008ರ ವಿಶ್ವಪ್ರವಾಸದ ಕಛೇರಿಗಳಲ್ಲಿ ನೇರವಾಗಿ ಮುದ್ರಿಸಿಕೊಂಡ ಹಾಡುಗಳು ಅದರಲ್ಲಿವೆ. ಮೊದಲನೆಯದು ಫೆಬ್ರವರಿ 1ರ ಮುಂಬಯಿಯದು. ಗಾಯಕ ಬ್ರೂಸ್ ಡಿಕಿನ್ಸನ್ ಸ್ವತಃ ವಿಮಾನಚಾಲಕ. ವಾದ್ಯ, ಪರಿಕರ, ಸಿಬ್ಬಂದಿಯನ್ನೆಲ್ಲ ಒಂದೇ ಬೋಯಿಂಗ್ 757ರಲ್ಲಿ ತುಂಬಿಕೊಂಡು ಹಾರಿದ್ದರಿಂದಲೇ ಅಷ್ಟು ದೂರದೂರದ ಊರುಗಳನ್ನು ಒಂದೇ ಸುತ್ತಿನಲ್ಲಿ ಮುಟ್ಟಲು ಸಾಧ್ಯವಾಯಿತು.

ಆದರೆ ಈ ತಂಡ ಭಾರತದಲ್ಲಿ ಮೊದಲು ಹಾಡಿದ್ದು ಮುಂಬಯಿಯಲ್ಲಲ್ಲ. 2007ರ ಮಾರ್ಚ್ 17ರಂದು, ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ. ಆ ರಾತ್ರಿ ಈ ಮುದ್ರಿಕೆಯಲ್ಲಿಲ್ಲ. ನಮ್ಮ ಶಿರಸಿ ಸೀಮೆಯ ಎಷ್ಟೋ ಯಕ್ಷಗಾನದ ರಾತ್ರಿಗಳೂ ಹೀಗೆಯೇ ಕಂಡು ಕೇಳಿದವರ ನೆನಪಿನಲ್ಲಷ್ಟೇ ಉಳಿದಿವೆ. ಪ್ರಿಯ ವಿದ್ಯಾರ್ಥಿಗಳೇ, ಅಂದು ಆ ಮೈದಾನದಲ್ಲಿದ್ದವರು ನಿಮ್ಮಲ್ಲಿದ್ದರೆ, ಕಂಡದ್ದನ್ನು ಬರೆದಿಡಿ. ಮುಂದೆ ಇತಿಹಾಸ ಬರೆಯುವವರಿಗೆ ಅದೇ ಆಧಾರವಾದೀತು.