ಹಾರ್ಮೋನು ಪೂರಣ ಮತ್ತು ಮುಪ್ಪು

ನಿರ್ನಾಳ ಗ್ರಂಥಿಗಳು ರಕ್ತಕ್ಕೆ ಬಿಡುಗಡೆ ಮಾಡುವ ಹಾರ್ಮೋನುಗಳು ಕಡಿಮೆಯಾದಾಗ ಅವನ್ನು ಗುಳಿಗೆ, ಚುಚ್ಚುಮದ್ದು, ಜೆಲ್ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ಹೊರಗಿನಿಂದ ಕೊಡುವ ಚಿಕಿತ್ಸೆಯೇ ಹಾರ್ಮೋನು ಪೂರಣ. ಇದರ ಇತಿಹಾಸ ಎರಡು ಧಾರೆಗಳಲ್ಲಿ ಹರಿದಿದೆ. ಗ್ರಂಥಿ ರೋಗದಿಂದ ಕೆಟ್ಟವರಿಗೆ ಇಲ್ಲವಾದ ಹಾರ್ಮೋನನ್ನು ತುಂಬಿಕೊಡುವುದು ಒಂದು. ವಯಸ್ಸಿನೊಂದಿಗೆ ಸಹಜವಾಗಿ ಇಳಿಯುವ ಹಾರ್ಮೋನನ್ನು ಮತ್ತೆ ಏರಿಸಿ ಮುಪ್ಪನ್ನು ತಡೆಯಲು ಹೊರಡುವುದು ಇನ್ನೊಂದು. ಮೊದಲನೆಯದು 1891ರಿಂದ ಈಚೆಗೆ ಅಸಂಖ್ಯ ಜೀವಗಳನ್ನು ಉಳಿಸಿದೆ. ಎರಡನೆಯದು ಅದಕ್ಕಿಂತ ಎರಡು ವರ್ಷ ಹಿರಿಯದು. ತಲೆಮಾರಿಗೊಮ್ಮೆ ಹೊಸ ಹಾರ್ಮೋನಿನ ಹೆಸರಿನಲ್ಲಿ ಮರಳಿ ಬಂದು, ದೊಡ್ಡ ಪ್ರಯೋಗಗಳು ನಡೆದಾಗಲೆಲ್ಲ ಹಿಂದೆ ಸರಿದಿದೆ. ಮುಟ್ಟು ನಿಂತ ಮಹಿಳೆಯರ ಈಸ್ಟ್ರೋಜನ್ ಚಿಕಿತ್ಸೆ ಈ ಎರಡರ ನಡುವೆ ನಿಲ್ಲುತ್ತದೆ. ಅತಿ ಹೆಚ್ಚು ವಿವಾದ ಎದ್ದಿರುವುದೂ ಅದರ ಸುತ್ತಲೇ.

ಹಿನ್ನೆಲೆ

ಪ್ರಾಣಿಗಳ ಅಂಗ ಸೇವಿಸಿ ಕಳೆದ ಶಕ್ತಿಯನ್ನು ಪಡೆಯಬಹುದೆಂಬ ನಂಬಿಕೆ ಬಹಳ ಹಳೆಯದು. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನ ಮತ್ತು ವಾಜೀಕರಣ ಎಂಬ ಎರಡು ಮುಪ್ಪು ಮತ್ತು ಪುರುಷಶಕ್ತಿಗೆ ಸಂಬಂಧಿಸಿದವು. ಹೋತದ ವೃಷಣವನ್ನು ಹಾಲಿನಲ್ಲಿ ಬೇಯಿಸಿ ಸೇವಿಸುವ ಪಾಕ ಸುಶ್ರುತ ಸಂಹಿತೆಯಲ್ಲಿದೆ. ಆದರೆ ಇಂಥ ಅಂಗಗಳಲ್ಲಿ ಇರುವುದೇನು, ಅದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಪ್ರಯೋಗದ ಉತ್ತರ ಸಿಕ್ಕಲು 19ನೇ ಶತಮಾನ ಬರಬೇಕಾಯಿತು.

1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟ್‌ಹೋಲ್ಡ್ ಹುಂಜದ ಮರಿಗಳ ಬೀಜ ತೆಗೆದ. ಅವುಗಳ ಜುಟ್ಟು ಬಾಡಿತು. ಕೂಗು, ಕಾದಾಟ ಎರಡೂ ನಿಂತವು. ಕೆಲವಕ್ಕೆ ವೃಷಣವನ್ನು ಹೊಟ್ಟೆಯೊಳಗೆ ಕಸಿ ಮಾಡಿದಾಗ ಅವು ಮಾಮೂಲಿ ಹುಂಜಗಳಾಗಿಯೇ ಬೆಳೆದವು. ಕಸಿಯಾದ ಅಂಗಕ್ಕೆ ಹಳೆಯ ನರಗಳ ಸಂಪರ್ಕ ಇರಲಿಲ್ಲವಾದ್ದರಿಂದ ಅದರ ಪ್ರಭಾವ ರಕ್ತದ ಮೂಲಕವೇ ಹರಡುತ್ತಿರಬೇಕೆಂದು ಅವನು ತೀರ್ಮಾನಿಸಿದ. ಈ ಪ್ರಯೋಗವನ್ನು ಹಲವು ದಶಕ ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಬ್ರೌನ್-ಸೆಕಾರ್‌ನ ಚುಚ್ಚುಮದ್ದು

1889ರ ಜೂನ್ 1ರಂದು ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದ ಸಭೆಯಲ್ಲಿ 72 ವರ್ಷದ ಚಾರ್ಲ್ಸ್-ಎಡ್ವರ್ಡ್ ಬ್ರೌನ್-ಸೆಕಾರ್ ತನ್ನ ಮೇಲೆಯೇ ನಡೆಸಿಕೊಂಡ ಪ್ರಯೋಗವನ್ನು ವಿವರಿಸಿದ. ಮಾರಿಷಸ್‌ನಲ್ಲಿ ಹುಟ್ಟಿದ ಈತ ಬೆನ್ನುಹುರಿಯ ಅಧ್ಯಯನದಿಂದ ಆಗಲೇ ಹೆಸರಾಗಿದ್ದ ಶರೀರವಿಜ್ಞಾನಿ. ನಾಯಿ ಮತ್ತು ಗಿನಿಯಿಲಿಗಳ ವೃಷಣವನ್ನು ಅರೆದು, ರಕ್ತ ಮತ್ತು ವೀರ್ಯದೊಂದಿಗೆ ನೀರಿನಲ್ಲಿ ಬೆರೆಸಿ, ಸೋಸಿ, ಚರ್ಮದ ಕೆಳಗೆ ಚುಚ್ಚಿಕೊಂಡಿದ್ದ. ಫಲಿತಾಂಶವನ್ನು ಅಂದಾಜಿಗೆ ಬಿಡದೆ ಅಳೆದೂ ಇದ್ದ: ಮುಂಗೈ ಎತ್ತಬಲ್ಲ ಭಾರ ಕೆಲವು ಕಿಲೋ ಹೆಚ್ಚಿತ್ತು, ಮೂತ್ರದ ಧಾರೆ ಮೊದಲಿಗಿಂತ ದೂರ ಬೀಳುತ್ತಿತ್ತು, ಮಲಬದ್ಧತೆ ಕಡಿಮೆಯಾಗಿತ್ತು, ಗಂಟೆಗಟ್ಟಲೆ ನಿಂತು ಕೆಲಸ ಮಾಡಿದರೂ ದಣಿವಾಗುತ್ತಿರಲಿಲ್ಲ. ಚುಚ್ಚುಮದ್ದು ನಿಲ್ಲಿಸಿದ ಕೆಲ ವಾರಗಳಲ್ಲಿ ಹಳೆಯ ನಿತ್ರಾಣ ಮರಳಿತು ಎಂಬುದನ್ನೂ ಅವನೇ ಹೇಳಿದ.

ಸಹೋದ್ಯೋಗಿಗಳಲ್ಲಿ ಹಲವರು ನಕ್ಕರು, ಪತ್ರಿಕೆಗಳು ಹಿಗ್ಗಿದವು. ಕೆಲವೇ ತಿಂಗಳಲ್ಲಿ ಯುರೋಪು, ಅಮೆರಿಕಗಳಲ್ಲಿ ಈ 'ಜೀವರಸ'ದ ವ್ಯಾಪಾರ ಶುರುವಾಯಿತು. ವೃಷಣವು ತಾನು ತಯಾರಿಸುವ ಪುರುಷ ಹಾರ್ಮೋನು ಟೆಸ್ಟೋಸ್ಟೆರಾನನ್ನು ದಾಸ್ತಾನು ಮಾಡುವುದಿಲ್ಲ, ಅದು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ ಎಂದು ಈಗ ತಿಳಿದಿದೆ. ಆಸ್ಟ್ರೇಲಿಯಾದ ಸಂಶೋಧಕರು ಅವನ ವಿಧಾನವನ್ನೇ ಅನುಸರಿಸಿ ಸಾರ ತಯಾರಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿದ್ದ ಹಾರ್ಮೋನು ದೇಹದ ಮೇಲೆ ಪರಿಣಾಮ ಬೀರಲು ಏನೇನೂ ಸಾಲದು. ಬ್ರೌನ್-ಸೆಕಾರ್ ಅಳೆದದ್ದು ತನ್ನ ನಂಬಿಕೆಯ ಬಲವನ್ನು. ಆದರೂ ಅಂಗಗಳು ರಕ್ತಕ್ಕೆ ಏನನ್ನೋ ಸೇರಿಸುತ್ತವೆ, ಅದನ್ನು ಔಷಧವಾಗಿ ಕೊಡಬಹುದು ಎಂಬ ಅವನ ಮೂಲ ವಾದ ಸುಳ್ಳಾಗಲಿಲ್ಲ.

ಥೈರಾಯ್ಡ್: ಮೊದಲ ಯಶಸ್ಸು

ಆ ವಾದಕ್ಕೆ ಪುರಾವೆ ಸಿಕ್ಕಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. 1891ರಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯ ಕುರಿಯ ಥೈರಾಯ್ಡ್ ಗ್ರಂಥಿಯನ್ನು ಹೆಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ, ಕರವಸ್ತ್ರದಲ್ಲಿ ಹಿಂಡಿ ತೆಗೆದ ರಸವನ್ನು 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿದ. ಥೈರಾಯ್ಡ್ ಕೊರತೆಯಿಂದ ಮುಖ ಊದಿ, ಮಾತು ತೊದಲಿ, ಚಟುವಟಿಕೆ ಕುಗ್ಗಿದ್ದ ಆಕೆ ತಿಂಗಳುಗಳಲ್ಲೇ ಚೇತರಿಸಿಕೊಂಡರು. ಮುಂದೆ ಅದೇ ರಸವನ್ನು ಹನಿಗಳಾಗಿ ಬಾಯಲ್ಲಿ ತೆಗೆದುಕೊಳ್ಳುತ್ತ 28 ವರ್ಷ ಬದುಕಿದರು. ಬ್ರೌನ್-ಸೆಕಾರ್‌ನ ಸಾರದಲ್ಲಿ ಇಲ್ಲದ ಎರಡು ಅಂಶಗಳು ಇಲ್ಲಿದ್ದವು: ಸಾರದಲ್ಲಿ ನಿಜವಾಗಿಯೂ ಹಾರ್ಮೋನು ಇತ್ತು, ರೋಗಿಯ ದೇಹದಲ್ಲಿ ಅದರ ನಿಜವಾದ ಕೊರತೆಯೂ ಇತ್ತು.

1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕರುಳು ರಕ್ತಕ್ಕೆ ಬಿಡುವ ಸೆಕ್ರೆಟಿನ್ ಎಂಬ ವಸ್ತುವನ್ನು ಗುರುತಿಸಿದರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳನ್ನು ಹಾರ್ಮೋನು ಎಂದು ಕರೆದ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮಧುಮೇಹವಿದ್ದ 14 ವರ್ಷದ ಬಾಲಕನಿಗೆ ಇನ್ಸುಲಿನ್ ಕೊಟ್ಟದ್ದು ಈ ಮೊದಲ ಧಾರೆಯ ಅತ್ಯಂತ ದೊಡ್ಡ ಗೆಲುವು.

ಗ್ರಂಥಿ ಕಸಿಯ ದಶಕ

ಇನ್ಸುಲಿನ್ ಬಂದ ಕಾಲದಲ್ಲೇ ಮುಪ್ಪಿನ ಧಾರೆ ಶಸ್ತ್ರಚಿಕಿತ್ಸೆಯತ್ತ ತಿರುಗಿತು. ವೀರ್ಯನಾಳವನ್ನು ಕಟ್ಟಿದರೆ ವೃಷಣದಲ್ಲಿ ಹಾರ್ಮೋನು ತಯಾರಿಸುವ ಕೋಶಗಳು ಹೆಚ್ಚಿ ಯೌವನ ಮರಳುತ್ತದೆ ಎಂದು ವಿಯೆನ್ನಾದ ಯೂಜೆನ್ ಸ್ಟೈನಾಕ್ ವಾದಿಸಿದ. 1923ರಲ್ಲಿ ಸಿಗ್ಮಂಡ್ ಫ್ರಾಯ್ಡ್, 1934ರಲ್ಲಿ ಕವಿ ಡಬ್ಲ್ಯು.ಬಿ. ಯೇಟ್ಸ್ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಪ್ಯಾರಿಸ್ಸಿನಲ್ಲಿ ಸರ್ಜ್ ವೊರೊನಾಫ್ 1920ರಿಂದ ವಾನರಗಳ ವೃಷಣದ ತೆಳುಪದರಗಳನ್ನು ಶ್ರೀಮಂತ ವೃದ್ಧರಿಗೆ ಕಸಿ ಮಾಡಿದ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಜಾನ್ ಬ್ರಿಂಕ್ಲಿ ಹೋತದ ವೃಷಣ ಅಳವಡಿಸಿ, ತನ್ನದೇ ರೇಡಿಯೋ ಕೇಂದ್ರದಲ್ಲಿ ಪ್ರಚಾರ ಮಾಡಿ ಹಣ ಗಳಿಸಿದ. 1930ರಲ್ಲಿ ಅವನ ವೈದ್ಯಕೀಯ ಪರವಾನಗಿ ರದ್ದಾಯಿತು. ಕಸಿಯಾದ ಅಂಗಾಂಶವನ್ನು ದೇಹ ಉಳಿಸಿಕೊಳ್ಳಲಿಲ್ಲ, ಮುಪ್ಪೂ ನಿಲ್ಲಲಿಲ್ಲ.

ಶುದ್ಧ ಹಾರ್ಮೋನುಗಳು

ಕಸಿಯ ಕಾಲವನ್ನು ಮುಗಿಸಿದ್ದು ರಸಾಯನಶಾಸ್ತ್ರ. 1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಪ್ರತ್ಯೇಕವಾಗಿ ಈಸ್ಟ್ರೋಜನ್ ಗುಂಪಿನ ಈಸ್ಟ್ರೋನ್ ಬೇರ್ಪಡಿಸಿದರು. 1931ರಲ್ಲಿ ಬುಟೆನಾಂಟ್ ಸುಮಾರು 15,000 ಲೀಟರ್ ಪುರುಷ ಮೂತ್ರದಿಂದ ಆಂಡ್ರೊಸ್ಟೆರೋನ್ ಎಂಬ ಪುರುಷ ಹಾರ್ಮೋನನ್ನು 15 ಮಿಲಿಗ್ರಾಂ ಪಡೆದ. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅರ್ನ್ಸ್ಟ್ ಲಾಕರ್ ತಂಡ ಹೋರಿಗಳ ವೃಷಣದಿಂದ ಟೆಸ್ಟೋಸ್ಟೆರಾನ್ ತೆಗೆಯಿತು. ಅದೇ ವರ್ಷ ಬುಟೆನಾಂಟ್ ಮತ್ತು ಲಿಯೊಪೋಲ್ಡ್ ರುಜಿಚ್ಕಾ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇಬ್ಬರಿಗೂ 1939ರ ನೊಬೆಲ್ ಸಂದಿತು. 1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ತಯಾರಿಸಿದ ಅಗ್ಗದ ಕೃತಕ ಈಸ್ಟ್ರೋಜನ್ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಅನ್ನು ಮುಂದೆ ಗರ್ಭಪಾತ ತಡೆಯಲೆಂದು ಗರ್ಭಿಣಿಯರಿಗೂ ಕೊಟ್ಟರು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ 1971ರಲ್ಲಿ ಪತ್ತೆಯಾಯಿತು. ಹಾರ್ಮೋನಿನ ಹಾನಿ ಕಾಣಿಸಿಕೊಳ್ಳಲು ಒಂದು ತಲೆಮಾರೇ ಹಿಡಿಯಬಹುದೆಂದು ವೈದ್ಯಲೋಕಕ್ಕೆ ಮನವರಿಕೆಯಾದದ್ದು ಆಗ.

ಮುಟ್ಟು ನಿಂತ ನಂತರದ ಈಸ್ಟ್ರೋಜನ್

ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ ಪ್ರೀಮರಿನ್ ಗುಳಿಗೆಗೆ 1942ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಮುಟ್ಟು ನಿಲ್ಲುವ ಕಾಲದ ಮೈ ಬಿಸಿಯೇರುವಿಕೆ, ರಾತ್ರಿಯ ಬೆವರು, ನಿದ್ರೆಗೇಡುಗಳಿಗೆ ಅದು ಚೆನ್ನಾಗಿ ಕೆಲಸ ಮಾಡಿತು. ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ವಿಲ್ಸನ್ 1966ರ 'ಫೆಮಿನೈನ್ ಫಾರೆವರ್' ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ: ಮುಟ್ಟು ನಿಲ್ಲುವುದೇ ಒಂದು ಕೊರತೆಯ ಕಾಯಿಲೆ, ಈಸ್ಟ್ರೋಜನ್ ಸೇವಿಸುತ್ತಿದ್ದರೆ ಹೆಣ್ತನ ಮಾಸುವುದಿಲ್ಲ ಎಂದ. ಔಷಧ ಕಂಪನಿಗಳಿಂದ ಅವನಿಗೆ ಹಣ ಬರುತ್ತಿದ್ದುದು ಆಮೇಲೆ ಬಯಲಾಯಿತು.

1975ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಈಸ್ಟ್ರೋಜನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು ಎಂದು ತೋರಿಸಿದವು. ಈಸ್ಟ್ರೋಜನ್ ಆ ಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಆ ಬೆಳವಣಿಗೆಗೆ ತಡೆ ಹಾಕುತ್ತದೆ. ಹೀಗಾಗಿ ಗರ್ಭಕೋಶ ಇರುವವರಿಗೆ ಎರಡನ್ನೂ ಸೇರಿಸಿ ಕೊಡುವ ಪದ್ಧತಿ ಬಂತು. ಮೂಳೆ ಸವೆತ ತಡೆಯುತ್ತದೆ ಎಂಬುದು ಸಾಬೀತಾಗಿ, ಹೃದಯವನ್ನೂ ಕಾಯುತ್ತದೆ ಎಂದು ವೀಕ್ಷಣಾ ಅಧ್ಯಯನಗಳು ಹೇಳಿದ ಮೇಲೆ ಬಳಕೆ ಮತ್ತೆ ಏರಿತು. ಹಾರ್ಮೋನು ತೆಗೆದುಕೊಳ್ಳುತ್ತಿದ್ದವರು ಸಾಮಾನ್ಯವಾಗಿ ಉಳ್ಳವರು, ಓದಿದವರು, ಮೊದಲೇ ಆರೋಗ್ಯವಾಗಿದ್ದವರು ಎಂಬ ಸಂಗತಿಗೆ ಆ ಅಧ್ಯಯನಗಳು ಸಾಕಷ್ಟು ಬೆಲೆ ಕೊಟ್ಟಿರಲಿಲ್ಲ.

2002ರ ತಿರುವು

ಸಂದೇಹ ಪರಿಹಾರಕ್ಕೆ ಅಮೆರಿಕ ಸರ್ಕಾರ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಅಧ್ಯಯನ ಆರಂಭಿಸಿತು. ಗರ್ಭಕೋಶವಿದ್ದ 16,608 ಮಹಿಳೆಯರನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರಿಗೆ ಈಸ್ಟ್ರೋಜನ್-ಪ್ರೊಜೆಸ್ಟಿನ್, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ ಕೊಡಲಾಯಿತು. ಹಾನಿ ಲಾಭವನ್ನು ಮೀರಿದ್ದರಿಂದ ಸರಾಸರಿ 5.2 ವರ್ಷಕ್ಕೇ, 2002ರ ಜುಲೈನಲ್ಲಿ, ಪ್ರಯೋಗವನ್ನು ನಿಲ್ಲಿಸಿದರು. ವರ್ಷಕ್ಕೆ ಪ್ರತಿ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ 30ರಿಂದ 38ಕ್ಕೆ, ಹೃದ್ರೋಗ 30ರಿಂದ 37ಕ್ಕೆ, ಪಾರ್ಶ್ವವಾಯು 21ರಿಂದ 29ಕ್ಕೆ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು 8ರಿಂದ 16ಕ್ಕೆ ಏರಿತ್ತು. ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ, ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ ಇಳಿದಿತ್ತು. ಪತ್ರಿಕೆಗಳು ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಳ ಎಂದು ಬರೆದವು. 10,000ಕ್ಕೆ 8 ಎಂಬ ಅದೇ ಲೆಕ್ಕದ ಇನ್ನೊಂದು ಮುಖ ಹಿಂದೆ ಸರಿಯಿತು. ಲಕ್ಷಾಂತರ ಮಹಿಳೆಯರು ಚಿಕಿತ್ಸೆ ಬಿಟ್ಟರು.

ಮುಂದಿನ ವಿಶ್ಲೇಷಣೆಗಳು ಚಿತ್ರವನ್ನು ತಿದ್ದಿದವು. ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಬಹುತೇಕರಿಗೆ ಮುಟ್ಟು ನಿಂತು ವರ್ಷಗಳೇ ಕಳೆದಿದ್ದವು. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಮಾತ್ರ ಸೇವಿಸಿದ ಗುಂಪಿನಲ್ಲಿ ಪಾರ್ಶ್ವವಾಯು ಹೆಚ್ಚಿದರೂ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ದೀರ್ಘಕಾಲದಲ್ಲಿ ಕಡಿಮೆಯೇ ಕಂಡಿತು. 60 ವರ್ಷದೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸಿದರೆ ಅಪಾಯ ಕಡಿಮೆ ಎಂಬ ನಿಲುವು ಬಲವಾಯಿತು. 2003ರಲ್ಲಿ ಈ ಔಷಧಗಳ ಮೇಲೆ ಕಡ್ಡಾಯ ಮಾಡಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವ ಕ್ರಮವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಪುರುಷರಲ್ಲಿ ಟೆಸ್ಟೋಸ್ಟೆರಾನ್

ಪುರುಷರ ಟೆಸ್ಟೋಸ್ಟೆರಾನ್ ಹೆಂಗಸರ ಈಸ್ಟ್ರೋಜನ್‌ನಂತೆ ಥಟ್ಟನೆ ಕುಸಿಯುವುದಿಲ್ಲ. ವರ್ಷಗಳ ಕಾಲ ನಿಧಾನವಾಗಿ ಇಳಿಯುತ್ತದೆ. 2010ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು 40ರಿಂದ 79 ವಯಸ್ಸಿನವರಲ್ಲಿ ಲಕ್ಷಣಗಳೂ ಸೇರಿದ ನಿಜವಾದ ಕೊರತೆ ಕೇವಲ ಶೇ. 2ರಷ್ಟು ಜನರಲ್ಲಿದೆ ಎಂದಿತು. 65 ದಾಟಿದ 790 ಪುರುಷರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೆಸ್ಟೋಸ್ಟೆರಾನ್ ಪಡೆದವರ ಲೈಂಗಿಕ ಆಸಕ್ತಿ ಸ್ವಲ್ಪ ಸುಧಾರಿಸಿತು. ನೆನಪಿನ ಶಕ್ತಿ ಸುಧಾರಿಸಲಿಲ್ಲ. 2023ರ ಟ್ರಾವರ್ಸ್ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲವಾದರೂ ಹೃದಯ ಬಡಿತದ ಏರುಪೇರು ಮತ್ತು ಶ್ವಾಸಕೋಶದ ರಕ್ತಹೆಪ್ಪು ಹೆಚ್ಚಾಗಿ ಕಂಡವು. ಅದೇ ಪ್ರಯೋಗದ ಮುಂದಿನ ವರದಿಯಲ್ಲಿ ಮೂಳೆ ಮುರಿತವೂ ಹೆಚ್ಚಾಗಿತ್ತು.

ಬೆಳವಣಿಗೆ ಹಾರ್ಮೋನು ಮತ್ತು ಇತರ

1958ರಿಂದ ಶವಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಬೆಳವಣಿಗೆ ಹಾರ್ಮೋನನ್ನು ಕುಳ್ಳ ಮಕ್ಕಳಿಗೆ ಕೊಡಲಾಗುತ್ತಿತ್ತು. ಅದರಿಂದ ಕೆಲವರಿಗೆ ಮಾರಕ ಮಿದುಳು ರೋಗ ತಗುಲಿದ್ದು 1985ರಲ್ಲಿ ತಿಳಿದು, ಜೈವಿಕ ತಂತ್ರಜ್ಞಾನದಿಂದ ತಯಾರಾದ ಹಾರ್ಮೋನು ಅದರ ಜಾಗಕ್ಕೆ ಬಂತು. 1990ರಲ್ಲಿ ಡೇನಿಯಲ್ ರುಡ್ಮನ್ 61ರಿಂದ 81 ವಯಸ್ಸಿನ 12 ಪುರುಷರಿಗೆ ಆರು ತಿಂಗಳು ಇದನ್ನು ಕೊಟ್ಟು, ಕೊಬ್ಬು ಬಿಟ್ಟು ಉಳಿದ ದೇಹತೂಕ ಶೇ. 8.8 ಏರಿತು, ಕೊಬ್ಬು ಶೇ. 14.4 ಇಳಿಯಿತು ಎಂದು ವರದಿ ಮಾಡಿದ. ಹನ್ನೆರಡೇ ಜನರಿಗೆ ಹಾರ್ಮೋನು ಕೊಟ್ಟ ಈ ಪ್ರಯೋಗದ ಮೇಲೆ 'ಮುಪ್ಪು ವಿರೋಧಿ' ಕ್ಲಿನಿಕ್ಕುಗಳ ಉದ್ಯಮವೇ ಎದ್ದಿತು. ಮುಂದಿನ ಅಧ್ಯಯನಗಳಲ್ಲಿ ಊತ, ಕೀಲುನೋವು, ಮಣಿಕಟ್ಟಿನ ನರದ ಒತ್ತಡ, ರಕ್ತದ ಸಕ್ಕರೆಯ ಏರಿಕೆ ಕಂಡುಬಂದವು. ಇನ್ನೊಂದು ಕಡೆ, ಹುಟ್ಟಿನಿಂದಲೇ ಈ ಹಾರ್ಮೋನು ಇಲ್ಲದ ಏಮ್ಸ್ ಕುಳ್ಳ ಇಲಿಗಳು ಮಾಮೂಲಿ ಇಲಿಗಳಿಗಿಂತ ಬಹಳ ಹೆಚ್ಚು ಕಾಲ ಬದುಕುತ್ತವೆ ಎಂದು 1996ರಲ್ಲಿ ತಿಳಿಯಿತು. ವಯಸ್ಸಿನೊಂದಿಗೆ ಹಾರ್ಮೋನು ಇಳಿಯುವುದು ಎಲ್ಲ ಸಂದರ್ಭದಲ್ಲೂ ದೋಷವಲ್ಲ, ದೇಹದ ಹೊಂದಾಣಿಕೆಯೂ ಆಗಿರಬಹುದು ಎಂಬ ವಾದಕ್ಕೆ ಇದು ಬಲ ಕೊಟ್ಟಿತು.

ಅಡ್ರಿನಲ್ ಗ್ರಂಥಿಯ ಹಾರ್ಮೋನು ಡಿಎಚ್‌ಇಎ, ಪೂರಕ ಆಹಾರಗಳ ಕುರಿತ 1994ರ ಕಾನೂನಿನ ನಂತರ ಅಮೆರಿಕದಲ್ಲಿ ಅಂಥ ಆಹಾರವಾಗಿ ಅಂಗಡಿಗೆ ಬಂತು. 2006ರಲ್ಲಿ ಪ್ರಕಟವಾದ ಎರಡು ವರ್ಷಗಳ ಪ್ರಯೋಗದಲ್ಲಿ ವೃದ್ಧರ ಸ್ನಾಯುಬಲಕ್ಕಾಗಲಿ ಜೀವನದ ಗುಣಮಟ್ಟಕ್ಕಾಗಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಮೊದಲ ಗೆಲುವಿನ ಥೈರಾಯ್ಡಿಗೂ ಈ ಮಿತಿ ತಪ್ಪಲಿಲ್ಲ: ರಕ್ತಪರೀಕ್ಷೆಯಲ್ಲಿ ಅಲ್ಪ ವ್ಯತ್ಯಾಸವಷ್ಟೇ ಇದ್ದ, 65 ದಾಟಿದ 737 ಜನರಲ್ಲಿ ಅರ್ಧದಷ್ಟು ಮಂದಿಗೆ ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಕೊಟ್ಟರೂ ಲಕ್ಷಣಗಳು ಸುಧಾರಿಸಲಿಲ್ಲ ಎಂದು 2017ರ ಟ್ರಸ್ಟ್ ಪ್ರಯೋಗ ತೋರಿಸಿತು.

ಭಾರತದಲ್ಲಿ

ಭಾರತದ ಮಹಿಳೆಯರಿಗೆ ಸರಾಸರಿ 46–47ನೇ ವಯಸ್ಸಿಗೆ, ಅಂದರೆ ಪಾಶ್ಚಾತ್ಯ ಮಹಿಳೆಯರಿಗಿಂತ ಕೆಲವು ವರ್ಷ ಮೊದಲೇ, ಮುಟ್ಟು ನಿಲ್ಲುತ್ತದೆ. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶ ತೆಗೆಸಿಕೊಂಡವರ ಸಮಸ್ಯೆ ಇನ್ನೂ ದೊಡ್ಡದು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 3 ಜನರಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ ಎಂದಿತು. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪ 2010ರ ದಶಕದಲ್ಲಿ ಹೋರಾಟಕ್ಕೆ, ತನಿಖೆಗೆ ಕಾರಣವಾಯಿತು. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ನಿಂತುಹೋಗಿ ಮೂಳೆ, ಹೃದಯಗಳಿಗೆ ಅಪಾಯ ಹೆಚ್ಚುತ್ತದೆ. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂಬುದು ವೈದ್ಯಕೀಯ ಸಲಹೆ. ಲೈಂಗಿಕ ಹಾರ್ಮೋನುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಲು ಭಾರತದ ಕಾನೂನು ಬಿಡುವುದಿಲ್ಲ.

ಇಂದಿನ ನಿಲುವು

ಇನ್ಸುಲಿನ್, ಥೈರಾಕ್ಸಿನ್, ಅಡ್ರಿನಲ್ ಸ್ಟೀರಾಯ್ಡುಗಳು ಕೊರತೆಯ ರೋಗಗಳಲ್ಲಿ ಯಾವ ವಯಸ್ಸಿನಲ್ಲೂ ಅನಿವಾರ್ಯ. ಮುಟ್ಟು ನಿಲ್ಲುವ ಕಾಲದ ತೀವ್ರ ತೊಂದರೆಗಳಿಗೆ ಈಸ್ಟ್ರೋಜನ್‌ಗಿಂತ ಪರಿಣಾಮಕಾರಿ ಮದ್ದು ಇಲ್ಲ. ಸ್ತನ ಕ್ಯಾನ್ಸರ್ ಬಂದಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಟೆಸ್ಟೋಸ್ಟೆರಾನ್ ಕೊಡುವ ಮೊದಲು ಲಕ್ಷಣಗಳ ಜೊತೆಗೆ ಬೆಳಗಿನ ಹೊತ್ತಿನ ಎರಡು ರಕ್ತಪರೀಕ್ಷೆಗಳಲ್ಲಿ ಕೊರತೆ ಖಚಿತವಾಗಬೇಕು. ಬೆಳವಣಿಗೆ ಹಾರ್ಮೋನನ್ನು ಮುಪ್ಪಿಗೆಂದು ಕೊಡುವುದಕ್ಕೆ ಮನ್ನಣೆಯಿಲ್ಲ. ಬ್ರೌನ್-ಸೆಕಾರ್‌ನ ಕಾಲದಿಂದ ಹಾರ್ಮೋನುಗಳನ್ನು ಶುದ್ಧಗೊಳಿಸುವ, ಅಳೆಯುವ, ತಯಾರಿಸುವ ವಿದ್ಯೆ ಎಷ್ಟೇ ಬೆಳೆದಿದ್ದರೂ, ಆರೋಗ್ಯವಂತ ವೃದ್ಧರ ಆಯಸ್ಸನ್ನು ಹೆಚ್ಚಿಸುತ್ತದೆ ಎಂದು ಮನುಷ್ಯರ ಮೇಲಿನ ಪ್ರಯೋಗದಲ್ಲಿ ಸಾಬೀತಾದ ಹಾರ್ಮೋನು ಒಂದೂ ಇಲ್ಲ.